ನಮ್ಮವ್ವ ಕೈಮುಗಿದ ಸ್ಕ್ಯಾನ್ ಯಂತ್ರ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮವ್ವ ಜುಂಜಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ. ಅದು ಎಲ್ಲಿ ಹುಟ್ಟಿದೆ, ಯಾವುದಕ್ಕೆ ಅಂಟಿಕೊಂಡಿದೆ ಎಂದು ತೋರಿಸಬಲ್ಲ ಸಿ.ಟಿ. ಸ್ಕ್ಯಾನ್ ಯಂತ್ರ ತಮ್ಮ ಆಸ್ಪತ್ರೆಯಲ್ಲಿದೆ. ಅದನ್ನು ನಡೆಸುವವರು ಮಾತ್ರ ಇಲ್ಲ. ಉದ್ಘಾಟನೆಯ ದಿನದಿಂದಲೂ ಇಲ್ಲ.

ಹಾಗೆಂದು ಯಂತ್ರವನ್ನು ಕಡೆಗಣಿಸಿದ್ದೀರಿ ಎಂದು ನಾನು ಸುಳ್ಳು ಹೇಳಲಾರೆ. ಆಯುಧಪೂಜೆಗೆ ಅದಕ್ಕೆ ಸಲ್ಲಬೇಕಾದ್ದೆಲ್ಲ ಸಂದಿದೆ. ನಾವು ಹೋದದ್ದು ದಸರೆಯ ರಜೆ ಮುಗಿದ ಮಾರನೆಯ ದಿನ. ಅವ್ವ ಉಪವಾಸವಿದ್ದಳು. ಮೈಮೇಲೆ ಲೋಹ ಇರಬಾರದೆಂದು ಯಾರೋ ಅಂದಿದ್ದಕ್ಕೆ, ಮದುವೆಯಾದಾಗಿನಿಂದ ತೆಗೆಯದ ಕಾಲುಂಗುರವನ್ನು ಸೋಪು ಹಚ್ಚಿ ಬಿಚ್ಚಿ ನನ್ನ ಜೇಬಿಗೆ ಹಾಕಿದ್ದಳು. ನಾನು ಚೀಟಿಗೆಂದು ಸಾಲಿನಲ್ಲಿ ನಿಂತಿದ್ದಾಗ ಬಾಗಿಲು ತೆರೆದಿದ್ದ ಆ ಕೋಣೆಗೆ ಒಬ್ಬಳೇ ಹೋದಳು. ಬೆಳ್ಳನೆಯ ದೊಡ್ಡ ಬಳೆಯಂಥ ಯಂತ್ರ. ಅದಕ್ಕೆ ಚೆಂಡುಹೂವಿನ ಹಾರ, ಕುಂಕುಮ, ಮುಂದೆ ನಿಂಬೆಹಣ್ಣು. ಕೈಮುಗಿದಳು, ಕುಂಕುಮ ಹಚ್ಚಿಕೊಂಡಳು, ಹೊರಗೆ ಬಂದಳು.

“ಆಯ್ತು ಕಣ್ಲಾ ಚಿಕ್ಕರಾಜು, ನಡಿ. ಹೊಟ್ಟೆ ಹಸಿತೈತೆ.”

“ಏನಾಯ್ತವ್ವ?”

“ಸ್ಕ್ಯಾನಿಂಗು. ಒಸಿನೂ ನೋವಾಗ್ನಿಲ್ಲ.”

ನಕ್ಕುಬಿಡಿ, ನಾನೂ ನಕ್ಕೆ. ಆಮೇಲೆ ಯೋಚಿಸಿದೆ. ಹಾರ ಹಾಕಿ, ನಿಂಬೆಹಣ್ಣಿಟ್ಟು, ಮುಟ್ಟದೆ ಬಿಟ್ಟಿರುವುದನ್ನು ಕಂಡು ಕೈಮುಗಿದವಳದು ತಪ್ಪೇ? ಆ ಯಂತ್ರದಿಂದ ತಾವು ಇದುವರೆಗೆ ಬೇರೆ ಯಾವ ಕೆಲಸ ಮಾಡಿಸಿದ್ದೀರಿ?

ಆಪರೇಷನ್ ಮಾಡಬೇಕಾದ ಡಾಕ್ಟರಿಗೆ ಸ್ಕ್ಯಾನಿನ ಫಿಲ್ಮು ಬೇಕು. “ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿದ್ಯೋ ಇಲ್ವೋ ನೋಡದೆ ನಾನು ಹೊಟ್ಟೆ ಕೊಯ್ಯಲ್ಲಪ್ಪ. ಟೇಬಲ್ ಮೇಲೇ ಹೋಗಿಬಿಡ್ತಾರೆ. ಹಾಗಂತ ತಡ ಮಾಡಂಗೂ ಇಲ್ಲ” ಎಂದರು. ತುಮಕೂರಿಗೆ ಉಚಿತ ಸ್ಕ್ಯಾನಿಗೆ ಕಳಿಸಿ ಎಂದು ಕೇಳಿದರೆ ತಮ್ಮ ಕಚೇರಿಯ ಉತ್ತರ: “ಸೌಲಭ್ಯ ಸ್ಥಳೀಯವಾಗಿ ಲಭ್ಯವಿದೆ.” ಅಂದರೆ ಯಂತ್ರ ಇಲ್ಲದಿದ್ದರೆ ಅವ್ವನಿಗೆ ಇಷ್ಟು ಹೊತ್ತಿಗೆ ಸ್ಕ್ಯಾನ್ ಆಗಿರುತ್ತಿತ್ತು. ಇರುವುದೇ ಅವಳ ದುರದೃಷ್ಟ.

ತಮ್ಮ ಗುಮಾಸ್ತರಾದ ರೇಣುಕಯ್ಯನವರು ಕರುಣೆಯಿಂದ ಒಂದು ದಾರಿ ತೋರಿಸಿದರು. “ಟಗರು ಗುದ್ತು ಅಂತ ಬರ್ಕೊಡಪ್ಪ. ಅಪಘಾತ ಅಂದ್ರೆ ಈಗ್ಲೇ ತುಮಕೂರಿಗೆ ಕಳುಸ್ಬೋದು.”

ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಮ್ಮ ಟಗ್ರು ಏನ್ ಮಾಡೈತೆ ಸ್ವಾಮಿ, ಅದರ ಮ್ಯಾಲೆ ಯಾಕೆ ಹೊರುಸ್ತೀರಾ? ಈ ನನ್ಮಗ ಪರೀಕ್ಷೇಲಿ ಪಕ್ಕದೋನ್ದು ನೋಡ್ಕಂಡು ಬರೀಲಾ ಅಂದ್ರೆ ಬರೀದೆ ಇಸ್ಕೂಲು ಬುಟ್ಟವ್ನೆ. ಇವನ ಕೈಲಿ ಸುಳ್ಳು ಬರುಸ್ತೀರಾ?”

ನಾನು ಬರೆಯಲಿಲ್ಲ. ಗುದ್ದಿದ ಗಾಯವೆಂದು ಅಲ್ಲಿಯ ಡಾಕ್ಟರು ಬೇರೇನನ್ನೋ ಹುಡುಕುತ್ತ ಕೂತರೆ ಗಡ್ಡೆಯ ಗತಿ ಏನು?

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಯಂತ್ರ ನಡೆಸಬಲ್ಲ ಒಬ್ಬರನ್ನು ಈ ವಾರವೇ ಕಳಿಸಿ. ಆಗದಿದ್ದರೆ, “ಈ ಯಂತ್ರ ಕೆಲಸ ಮಾಡುತ್ತಿಲ್ಲ” ಎಂದು ಒಂದು ಸಾಲು ಬರೆದು ಸಹಿ ಮಾಡಿ. ಅದು ನಿಜವಾದ್ದರಿಂದ ಬರೆಯಲು ಕಷ್ಟವಾಗಬಹುದು, ಬಲ್ಲೆ. ಆದರೂ ಬರೆಯಿರಿ, ಅದನ್ನು ಹಿಡಿದು ಅಂದೇ ತುಮಕೂರಿನ ಬಸ್ಸು ಹತ್ತುತ್ತೇವೆ.

ಕಾಲುಂಗುರ ಇನ್ನೂ ನನ್ನ ಜೇಬಿನಲ್ಲಿದೆ. ಸ್ಕ್ಯಾನ್ ಆಗಿಯೇ ಇಲ್ಲ ಎಂದು ಅವ್ವನಿಗೆ ತಿಳಿಸಿ ಹೇಳಿದಾಗ ಅವಳು, “ಅಂಗಾದ್ರೆ ನಾನು ಯಾರಿಗ್ಲಾ ಕೈಮುಗ್ದಿದ್ದು?” ಎಂದಳು.

ಉತ್ತರವನ್ನು ತಾವೇ ಅವಳಿಗೆ ಬರೆಯಿರಿ. ಓದಿ ಹೇಳುವಷ್ಟು ವಿದ್ಯೆ ನನಗಿದೆ.

ಇಂತಿ,
ಟಗರಿನ ಮೇಲೆ ಅಪವಾದ ಹೊರಿಸಲಾರದ,
ಚಿಕ್ಕರಾಜು
(ಹತ್ತನೇ ತರಗತಿ, ಅರ್ಧಕ್ಕೆ)
ಮಧುಗಿರಿ ಸೀಮೆಯ ಒಂದು ಹಟ್ಟಿಯಿಂದ