ಎರಡು ಚಂದ್ರರ ಪುಸ್ತಕ

ಮಾರ್ಚ್ 4
ಬೆಳಗ್ಗೆಯಿಂದ ರಬ್ಬರ್ ಹಿಡಿದದ್ದೇ ಕೆಲಸ. ವಾಪಸು ಬಂದ ಪುಸ್ತಕಗಳ ಪೆನ್ಸಿಲ್ ಗುರುತೆಲ್ಲ ಅಳಿಸಿಯೇ ಕಪಾಟಿಗೆ ಸೇರಿಸಬೇಕು. ಲೈಬ್ರರಿ ನಿಯಮ. ‘ಪುಸ್ತಕದಲ್ಲಿ ಬರೆಯಬಾರದು’ ಅಂತ ಬೋರ್ಡು ಬರೆದವಳೂ ನಾನೇ. ಯಾರು ಕೇಳುತ್ತಾರೆ?

ವಾಚ್ ರಿಪೇರಿಯವರು ಬಂದಿದ್ದರು. “ರಾಕೆಟ್ಟೋ ಮಾಯಾಮಂತ್ರವೋ, ಏನಾದ್ರೂ ಇರ್ಲಿ ಮೇಡಂ. ಆದ್ರೆ ಪ್ರೀತಿ ಜೋರಾಗಿರ್ಬೇಕು. ಕೊನೇಲಿ ಇಬ್ರೂ ಸೇರ್ಬೇಕು.”

ನಲವತ್ತು ದಾಟಿದ ಗಂಡಸು! ನಗು ತಡೆದುಕೊಂಡೆ. ಎರಡು ಚಂದ್ರರಿರುವ ಗ್ರಹದ ಕಾದಂಬರಿಯೊಂದನ್ನು ಕಪಾಟಿನಿಂದ ತೆಗೆದು ಅಲ್ಲೇ ಕೊಟ್ಟೆ.

ಮಾರ್ಚ್ 12
ಪುಸ್ತಕ ವಾಪಸು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ — ‘ದಿನಾ ನೋಡುವ ಮುಖವೇ, ಹೇಳುವ ಧೈರ್ಯಕ್ಕೆ ಇನ್ನೊಂದು ಗ್ರಹಕ್ಕೆ ಬರಬೇಕಾಯಿತು.’

ಅಳಿಸಲಿಲ್ಲ. ಕಪಾಟಿನ ಹಿಂದಿನ ಸಾಲಿಗೆ ತಳ್ಳಿಬಿಟ್ಟೆ. ಛೇ, ಮೂವತ್ತೊಂಬತ್ತನೇ ವಯಸ್ಸಿಗೆ ಇದೊಂದು ಹುಚ್ಚು.

ಮಾರ್ಚ್ 13
ಇನ್ನು ಮುಂದೆ ನಾನು ಓದಿ ನೋಡಿಯೇ ಅವರಿಗೆ ಕೊಡುವುದು. ಎರಡು ಪುಸ್ತಕ ಮನೆಗೆ ತಂದೆ. ಒಂದರಲ್ಲಿ ಇನ್ನೂರು ಪುಟ ಬರೀ ಇಂಜಿನ್ನು. ಇರುವುದೊಂದು ಮುತ್ತು, ಅದೂ ರೋಬೋಟಿಗೆ! ಇನ್ನೊಂದು ಚೆನ್ನಾಗಿತ್ತು. ನನ್ನದು ಮುಗಿದದ್ದೇ ತಡ, ತಂಗಿ ಕಿತ್ತುಕೊಂಡು ಓದಲು ಕೂತಳು.

ಏಪ್ರಿಲ್ 9
ಐದನೆಯ ಪುಸ್ತಕ. ಈಗ ಒಂದಲ್ಲ, ಒಂದೊಂದರಲ್ಲಿ ಏಳೆಂಟು ಗೆರೆ. ಎಷ್ಟು ಧೈರ್ಯ ಈ ಮನುಷ್ಯನಿಗೆ! ವಾಪಸು ಬಂದದ್ದನ್ನೂ ಮನೆಗೆ ಒಯ್ಯುತ್ತೇನೆ, ಇನ್ನೊಮ್ಮೆ ನೋಡಲು. ನಾನೂ ಒಂದು ಗೆರೆ ಎಳೆಯಲೇ ಅನ್ನಿಸಿತು. ಪೆನ್ಸಿಲ್ ಚೂಪು ಮಾಡಿ... ಬೋರ್ಡು ನೆನಪಾಗಿ ಇಟ್ಟುಬಿಟ್ಟೆ.

ನನ್ನ ವಾಚು ನಿಂತಿದೆ. ಅವರ ಅಂಗಡಿಗೆ ನಾನೇ ಹೋಗಲು ನಾಚಿಕೆ. ತಂಗಿಯ ಕೈಯಲ್ಲಿ ಕಳಿಸಿದೆ.

ಜೂನ್ 2
ವಾಚ್ ರಿಪೇರಿಯವರು ಇವತ್ತು ಪುಸ್ತಕ ಕೇಳಲಿಲ್ಲ.

ಬಂದವರು ಕೈಮುಗಿದರು. “ನಿಮ್ಮ ಉಪಕಾರ ಮರೆಯೋಲ್ಲ ಮೇಡಂ. ನಿಮ್ಮ ತಂಗಿ ಮದುವೆಗೆ ಒಪ್ಪಿದ್ದಾರೆ.”

ಮನೆಗೆ ಬಂದು ಕೇಳಿದರೆ ಇವಳದು ನಗು. “ನೀನು ತಂದ ಪುಸ್ತಕದಲ್ಲಿ ನಾನು ಗೆರೆ ಎಳೀತಿದ್ದೆ ಅಕ್ಕ. ಅವ್ರು ಇನ್ನೊಂದು ಸಾಲು ಹುಡುಕಿ ಅಲ್ಲಿ ಎಳೀತಿದ್ರು. ವಾಚು ಕೊಡೋಕೆ ಹೋದಾಗ ‘ಆ ಗೆರೆ ನಂದೇ’ ಅಂತ ಹೇಳ್ಬಿಟ್ಟೆ. ನಿಂಗೆ ಗೊತ್ತು ಅಂದ್ಕೊಂಡಿದ್ದೆ! ಎಲ್ಲಾ ಅಳಿಸೋಳು ಇದನ್ನ ಮಾತ್ರ ಅಳಿಸ್ಲಿಲ್ವಲ್ಲ?”

“ಹೂಂ... ಗೊತ್ತಿತ್ತು” ಎಂದೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಹೊಟ್ಟೆ ಉರಿಯುತ್ತಿದೆ. ಹೆತ್ತ ತಾಯಿಯ ಹಾಗೆ ನಾನೇ ಸಾಕಿದ ತಂಗಿಯ ಮೇಲೆ ಉರಿಯುತ್ತಿದೆ.

ಜೂನ್ 3, ಮಧ್ಯಾಹ್ನ
ಬೆಳಗ್ಗೆ ಹೊರಡುವಾಗ ತಂಗಿ, “ಮದುವೆ ದಿನ ಅವ್ರಿಗೆ ಕೊಡೋಕೆ ಒಂದು ಒಳ್ಳೇದು ಹುಡುಕು ಅಕ್ಕ. ಕೊನೇಲಿ ಇಬ್ರೂ ಸೇರೋ ಅಂಥದ್ದು. ನಿನ್ನಷ್ಟು ಚೆನ್ನಾಗಿ ಯಾರು ಹುಡುಕ್ತಾರೆ?” ಎಂದಳು. ಆಯ್ತು ಎಂದೆ.

ಮನೆಗೂ ಅವರಿಗೂ ಹೋಗಿಬಂದ ಒಂಬತ್ತೂ ಪುಸ್ತಕ ಗುಡ್ಡೆ ಹಾಕಿಕೊಂಡು ಕೂತೆ. ನಿಯಮ ಅಂದರೆ ನಿಯಮ. ಒಂದೊಂದೇ ಗೆರೆ ಅಳಿಸಿದೆ. ಮೇಜೆಲ್ಲ ರಬ್ಬರ್ ಪುಡಿ.

ಕೊನೆಗೆ ಹಿಂದಿನ ಸಾಲಿನಿಂದ ಎರಡು ಚಂದ್ರರ ಪುಸ್ತಕ ಎಳೆದೆ. ಒಂದೇ ಗೆರೆ. ರಬ್ಬರ್ ಇಟ್ಟೆ. ಕೈ ನಿಂತಿತು.

ಇದನ್ನು ನಾನು ಮನೆಗೆ ಒಯ್ದೇ ಇಲ್ಲ. ತಂಗಿ ಇದನ್ನು ನೋಡೇ ಇಲ್ಲ.

ಇದು ನನಗೇ ಬಂದಿತ್ತು. ಆಮೇಲೆ ತಂಗಿ ಎಳೆದ ಗೆರೆಗಳನ್ನು ಅವರು ನನ್ನ ಉತ್ತರ ಅಂದುಕೊಂಡೇ... ಅವತ್ತು ವಾಚು ನಾನೇ ಒಯ್ದಿದ್ದರೆ... ಚೂಪು ಮಾಡಿಟ್ಟ ಆ ಪೆನ್ಸಿಲಿನಿಂದ ನಾನೂ ಒಂದೇ ಒಂದು ಗೆರೆ ಎಳೆದಿದ್ದರೆ —