ಸೋಪು ಹಾಕಿ ತೊಳೆದ ಬೋಗಿ

ಆಗಸ್ಟ್ ೨೮, ಗುರುವಾರ. ಬೆಳಿಗ್ಗೆ ೬.೪೦

ಹಾಸಿಗೆ ಮಡಚಿದ್ದಾಯಿತು. ಬಕೆಟ್ ಬೋರಲು ಹಾಕಿದ್ದಾಯಿತು. ಚಪ್ಪಲಿ ಜೋಡಿ ಗೋಡೆಗೆ ಸಮ. ಕಾಲೇಜು ಹಾಸ್ಟೆಲ್‌ನಲ್ಲಿ ಇನ್‌ಸ್ಪೆಕ್ಷನ್ ಇಲ್ಲ ಎಂದು ರೂಮ್‌ಮೇಟ್ ದಿನಾ ಹೇಳುತ್ತಾಳೆ. ಸ್ಕೂಲ್ ಹಾಸ್ಟೆಲ್‌ನಲ್ಲಿ ಏಳು ವರ್ಷ ವಾರ್ಡನ್ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ಧೂಳು ನೋಡುತ್ತಿದ್ದರು. ವಾರ್ಡನ್ ಅಲ್ಲೇ ಉಳಿದರು. ಬೆರಳು ಮಾತ್ರ ನನ್ನ ಜೊತೆ ಬಂದಿದೆ.

"ನೀನು ಸತ್ತರೆ ಹೆಣವೂ ಅಟೆನ್ಶನ್‌ನಲ್ಲೇ ಮಲಗಿರುತ್ತೆ ಕಣೇ" ಎಂದಳು ರೂಮ್‌ಮೇಟ್, ಕಂಬಳಿಯೊಳಗಿಂದಲೇ.

ಸಂಜೆ ಕ್ಲಬ್ ಇದೆ. ಮಾಡೆಲ್ ರೈಲುಗಳ ಕ್ಲಬ್. ರೈಲಿನ ಮೇಲಿನ ಪ್ರೀತಿಗೆ ಸೇರಿದ್ದಲ್ಲ. ಡಿಬೇಟ್‌ನಲ್ಲಿ ಮಾತಾಡಬೇಕು, ಡಾನ್ಸ್‌ನಲ್ಲಿ ಕುಣಿಯಬೇಕು. ಇಲ್ಲಿ ಬಗ್ಗಿ ನೋಡುತ್ತಾ ಕೂತರೆ ಸಾಕು. ಪ್ರೆಸಿಡೆಂಟ್ ಫೈನಲ್ ಇಯರ್. ಕೊರಳಲ್ಲಿ ಸದಾ ಒಂದು ಪೀಪಿ, ಮೀಟಿಂಗ್ ಮುಗಿದರೆ ಊದುತ್ತಾರೆ. ಅದಕ್ಕೇ ಎಲ್ಲರಿಗೂ ಅವರು 'ಗಾರ್ಡ್'.

ಮೊದಲ ದಿನ ಕೇಳಿದ್ದರು: "ಮನೇಲಿ ಯಾರಾದ್ರೂ ರೈಲ್ವೇಲಿ ಇದಾರಾ?"

"ಮಾವ ಇದ್ರು ಸರ್. ಟೆಕ್ನಿಕಲ್ ಸೈಡ್."

ಮಾವ ಮೂವತ್ತೊಂದು ವರ್ಷ ಬೋಗಿ ತೊಳೆದರು. ನೀರು, ಪ್ರೆಶರ್, ಪೈಪ್... ಟೆಕ್ನಿಕಲ್ಲೇ ಅಲ್ಲವೇ.

ರಾತ್ರಿ ಊಟಕ್ಕೆ ಮುಂಚೆ

ಗಾರ್ಡ್ ನಾಳೆ ಬೆಳಿಗ್ಗೆ ಫ್ಯಾಕ್ಟರಿ ಟ್ರೇನಿಂಗ್‌ಗೆ ಹೊರಡುತ್ತಾರೆ. ಮೂರು ವಾರ. ವಾಪಸ್ ಬಂದ ಮಾರನೇ ದಿನವೇ ಎಕ್ಸಿಬಿಷನ್. ಕ್ಲಬ್ ರೂಮಿನ ಬೀಗದ ಕೈ ನನ್ನ ಕೈಗೆ ಕೊಟ್ಟರು! ಟೈಮ್‌ಗೆ ಬರುವವಳು ನಾನೊಬ್ಬಳೇ ಅಂತೆ. "ರೂಮ್ ನೋಡ್ಕೋ" ಎಂದರು. ನೋಡಿಕೊಳ್ಳುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು.

ಆಗಸ್ಟ್ ೨೯, ಶುಕ್ರವಾರ. ಸಂಜೆ ೫.೩೦

ಒಂದು ಒಳ್ಳೆಯ ಕೆಲಸ ಮಾಡಿದೆ.

ಕ್ಲಬ್ ರೂಮ್ ಪೂರ್ತಿ ಗುಡಿಸಿ ಒರೆಸಿದೆ. ಮೇಲಿನ ಶೆಲ್ಫ್‌ನಲ್ಲಿ ಒಂದು ಬೋಗಿ, ಗೇಣಿಗಿಂತ ಸ್ವಲ್ಪ ಉದ್ದ. ಅಸಹ್ಯ ಕೊಳೆ. ಕಿಟಕಿಗಳ ಕೆಳಗೆ ತುಕ್ಕು ಇಳಿದಿದೆ, ಛಾವಣಿ ಮಸಿ. ಎಷ್ಟು ವರ್ಷದಿಂದ ಯಾರೂ ಮುಟ್ಟಿರಲಿಲ್ಲವೋ ಪಾಪ. ಪಾತ್ರೆ ಸೋಪು, ಹಳೆ ಟೂತ್‌ಬ್ರಷ್, ಉಗುರುಬೆಚ್ಚಗಿನ ನೀರು. ಏಳೇ ನಿಮಿಷ. ಸಿಂಕ್‌ನಲ್ಲಿ ಕಂದು ನೀರು ಇಳಿಯುವುದನ್ನು ನೋಡಿ ಎದೆ ತುಂಬಿ ಬಂತು. ಒಳಗೆ ಎಂಥ ನೀಲಿ ಇತ್ತು! ಕರ್ಚೀಫ್‌ನಲ್ಲಿ ಒರೆಸಿ ಅಲ್ಲೇ ಇಟ್ಟೆ.

ಗಾರ್ಡ್‌ಗೆ ಸರ್ಪ್ರೈಸ್.

ಆಗಸ್ಟ್ ೩೦, ಶನಿವಾರ

ಸತ್ತೆ.

ಆಗಸ್ಟ್ ೩೦, ಮಧ್ಯಾಹ್ನ ೨

ಈಗ ಬರೆಯುತ್ತೇನೆ.

ಒರೆಸುವುದಕ್ಕೆಂದು ನೋಟಿಸ್ ಬೋರ್ಡಿನ ಹತ್ತಿರ ಹೋದೆ. ಅಲ್ಲಿ ಒಂದು ಜೆರಾಕ್ಸ್ ಫೋಟೋ — ಅದೇ ಬೋಗಿ, ಅದೇ ಕೊಳೆ. ಕೆಳಗೆ ಗಾರ್ಡ್ ಕೈಬರಹ: 'ಈ ವರ್ಷದ ನಮ್ಮ ಎಂಟ್ರಿ. ನಾಲ್ಕು ತಿಂಗಳ ವೆದರಿಂಗ್. ವಾರ್ನಿಷ್ ಇನ್ನೂ ಹೊಡೆದಿಲ್ಲ. ಯಾರೂ ಮುಟ್ಟಬೇಡಿ.'

ವೆದರಿಂಗ್ ಎಂದರೆ ಹೊಸ ಮಾಡೆಲ್‌ಗೆ ಬೇಕೆಂದೇ ಕೊಳೆ ಹಚ್ಚುವುದಂತೆ. ತುಕ್ಕು, ಮಸಿ, ಮಳೆಗೆರೆ, ಎಲ್ಲಾ ಬಣ್ಣ ಮತ್ತು ಪುಡಿಯಲ್ಲಿ. ನಿಜವಾದ ರೈಲು ಅನ್ನಿಸಲಿ ಎಂದು. ಜಗತ್ತಿನಲ್ಲಿ ಇಂಥ ಕಲೆಯೊಂದಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಇದಕ್ಕೆ ಪನಿಶ್‌ಮೆಂಟ್ ಇತ್ತು.

ರೂಮ್‌ಮೇಟ್‌ಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಮತ್ತೆ ನಕ್ಕಳು.

"ಫೋನ್ ಮಾಡಿ ಹೇಳಿಬಿಡೇ."

"ಏನಂತ? ನಿಮ್ಮ ನಾಲ್ಕು ತಿಂಗಳು ಸಿಂಕ್‌ನಲ್ಲಿ ಹೋಯ್ತು ಅಂತಾನಾ?"

ಎಕ್ಸಿಬಿಷನ್ ಸೆಪ್ಟೆಂಬರ್ ೨೦ಕ್ಕೆ. ಅಷ್ಟರೊಳಗೆ ಕೊಳೆ ವಾಪಸ್ ಬರಬೇಕು. ಒಂದು ಚೂರೂ ಗೊತ್ತಾಗದ ಹಾಗೆ.

ಸೆಪ್ಟೆಂಬರ್ ೨, ಮಂಗಳವಾರ

ಬೋಗಿಯನ್ನು ಹಾಸ್ಟೆಲ್ ರೂಮಿಗೆ ತಂದು ತುಕ್ಕು ಹಚ್ಚಿದೆ. ಕಂದು ಬಣ್ಣ, ಸ್ಪಂಜಿನ ಚೂರು. ಒಂದೊಂದು ಕಿಟಕಿಗೆ ಮೂರು ಚುಕ್ಕೆ. ಸ್ಕೇಲ್ ಇಟ್ಟು ಅಳೆದೆ, ಎಲ್ಲಾ ಒಂದೇ ದೂರ. ಖುಷಿಯಾಯಿತು.

ರೂಮ್‌ಮೇಟ್ ನೋಡಿದಳು. "ತುಕ್ಕಿಗೂ ಯೂನಿಫಾರ್ಮ್ ಹೊಲಿಸಿದೀಯಲ್ಲೇ! ರೋಲ್ ನಂಬರ್ ಒಂದು ಬಾಕಿ."

ಒರೆಸಿದೆ.

ಸೆಪ್ಟೆಂಬರ್ ೪, ಗುರುವಾರ

ಮತ್ತೆ ಮಾಡಿದೆ. ಈ ಸಲ ಮಳೆಗೆರೆ. ತೆಳು ಬಣ್ಣ ಬಿಟ್ಟು ತಾನಾಗಿ ಇಳಿಯಲಿ ಎಂದೆ. ಚಕ್ರಕ್ಕೆ ಬಣ್ಣ ತಾಗದಿರಲಿ ಎಂದು ಬೋಗಿಯನ್ನು ತಲೆಕೆಳಗು ಮಾಡಿ ಒಣಗಿಸಿದೆ. ನೀಟಾಗಿ ಒಣಗಿದೆ. ಆದರೂ ಏನೋ ಸರಿಯಿಲ್ಲ. ಏನು ಅಂತ ತಿಳಿಯುತ್ತಿಲ್ಲ.

ಕ್ಲಾಸ್‌ನಲ್ಲಿ ಲೆಕ್ಚರರ್ ಹೆಸರು ಕರೆದರು. "ವಾರ್ನಿಷ್" ಎಂದೆ. ಪ್ರಶ್ನೆ ಏನಿತ್ತೋ.

ಸೆಪ್ಟೆಂಬರ್ ೭, ಭಾನುವಾರ. ಸಂಜೆ

ಅಮ್ಮನ ಆರ್ಡರ್ ಪ್ರಕಾರ ಹದಿನೈದು ದಿನಕ್ಕೊಮ್ಮೆ ಮಾವನ ಮನೆಯಲ್ಲಿ ಊಟ. ಬೋಗಿಯನ್ನು ರೂಮಿನಲ್ಲಿ ಬಿಟ್ಟು ಹೋಗಲು ಧೈರ್ಯ ಬರಲಿಲ್ಲ. ಟವೆಲ್ ಸುತ್ತಿ ಶೂ ಡಬ್ಬಿಯಲ್ಲಿ ಒಯ್ದೆ.

"ಹೊಸ ಶೂನಾ? ತೋರಿಸು" ಎಂದರು ಅತ್ತೆ. ನಾನು ಬೇಡ ಅನ್ನುವಷ್ಟರಲ್ಲಿ ಮುಚ್ಚಳ ತೆಗೆದಾಗಿತ್ತು.

ಮಾವ ಕನ್ನಡಕ ಹಾಕಿಕೊಂಡರು. ಬೋಗಿಯನ್ನು ಎಡಗೈಯಲ್ಲಿ ಎತ್ತಿದರು. ಅವರದ್ದು ಎಲ್ಲವೂ ಎಡಗೈ. ಯಾರ್ಡ್‌ನಲ್ಲಿ ಅವರನ್ನು ಕರೆಯುತ್ತಿದ್ದದ್ದೇ 'ಎಡಚ' ಎಂದು. ತುಂಬಾ ಹೊತ್ತು ನೋಡಿದರು.

"ಪುಟ್ಟಿ, ಇದು ಓಡೋ ಊರಲ್ಲಿ ಮಳೆ ನೆಲದಿಂದ ಮೇಲಕ್ಕೆ ಸುರಿಯುತ್ತಾ?"

ನೋಡಿದೆ. ಗೆರೆಗಳೆಲ್ಲ ಛಾವಣಿಯ ಕಡೆಗೆ ಹರಿದಿದ್ದವು. ತಲೆಕೆಳಗು ಒಣಗಿಸಿದ್ದೆನಲ್ಲ...

ಅತ್ತುಬಿಟ್ಟೆ. ಸೋಪಿನಿಂದ ಹಿಡಿದು ಎಲ್ಲ ಹೇಳಿದೆ. 'ಟೆಕ್ನಿಕಲ್ ಸೈಡ್' ಒಂದನ್ನು ಬಿಟ್ಟು.

ಮಾವ ನಗಲಿಲ್ಲ. ಅವರಿಗೆ ಅರ್ಥವೇ ಆಗಲಿಲ್ಲ. "ತೊಳೆದಿದ್ದು ತಪ್ಪಾ?"

"ತಪ್ಪು ಮಾವ."

"ಕೊಳೆ ಮಾಡಿದ್ರೆ ಪ್ರೈಜಾ?"

"ಹೂಂ."

"ನಾನು ಮೂವತ್ತೊಂದು ವರ್ಷ ತೊಳೆದೆ. ಒಬ್ಬನೂ ಒಂದು ಲೋಟ ಕೊಟ್ಟವನಲ್ಲ. ಕೊಳೆ ಬಳಿಯೋರಿಗೆ ಪ್ರೈಜ್ ಕಪ್!"

"ಮನೇಲಿ ಒಂದು ಲೋಟ ತೊಳೆದವರಲ್ಲ ನೀವು" ಎಂದರು ಅತ್ತೆ ಅಡುಗೆಮನೆಯಿಂದ.

ನೋಟಿಸ್ ಬೋರ್ಡಿನ ಫೋಟೋ ಮೊಬೈಲ್‌ನಲ್ಲಿ ತೋರಿಸಿದೆ. ಇದೇ ತರಹ ಬೇಕು ಎಂದೆ. ಮಾವನ ಮುಖ ಗಂಟಾಯಿತು.

"ಯಾರಿದನ್ನ ಮಾಡಿದ್ದು? ರೈಲು ಹತ್ತಿದಾನಾ ಅವನು? ಬಾಗಿಲ ಹಿಡಿ ಪಕ್ಕ ನೋಡು, ಫಳಫಳ. ಹತ್ತೋರು ಇಳಿಯೋರು ಎಲ್ಲಾ ಅಲ್ಲೇ ಕೈ ಹಾಕ್ತಾರೆ, ಅಲ್ಲಿ ಜಿಡ್ಡು ಇರಬೇಕು. ಅದು ಸೋಪಿಗೂ ಜಗ್ಗಲ್ಲ. ಬ್ರೇಕ್ ಪುಡಿ ಕಪ್ಪು ಬಳಿದಿದಾನೆ, ಅದು ಕಂದು. ನನ್ನ ಉಗುರಲ್ಲಿ ಇನ್ನೂ ಇದೆ, ಬೇಕಾದ್ರೆ ನೋಡು. ನೀರು ತುಂಬೋ ಪೈಪಿನ ಕೆಳಗೆ ಬಿಳೀ ಕಲೆ ಎಲ್ಲಿ? ಅಲ್ಲಾ, ಎಲ್ಲಾ ಹೋಗ್ಲಿ..." ಫೋನ್ ಕೆಳಗಿಟ್ಟರು. "ಈ ಬೋಗೀನ ಹುಟ್ಟಿದಾಗಿಂದ ಯಾರೂ ತೊಳೆದೇ ಇಲ್ಲ. ಇದು ಕೊಳೆ ಅಲ್ಲ ಪುಟ್ಟಿ, ಅವಮಾನ."

ಕೊಳೆ ಆಗುವುದು ಒಂದು, ಅದನ್ನು ತೊಳೆದ ಮೇಲೂ ಉಳಿಯುವುದು ಇನ್ನೊಂದು ಅಂತೆ. ಉದ್ದ ಹಿಡಿಯ ಬ್ರಷ್ ಎತ್ತಿ ಬೀಸಿದರೆ ಬಿಲ್ಲಿನ ಹಾಗೆ ಗೆರೆ ಬೀಳುತ್ತದೆ. ಬಿಲ್ಲಿನೊಳಗೆ ಶುಭ್ರ. ಅದರಾಚೆ ಕೈ ಎಟುಕದ್ದು ದೇವರ ಪಾಲು.

"ತೊಳೆಯದ ಬೋಗಿ ನನ್ನ ಕಣ್ಣೆದುರು ಯಾರ್ಡ್ ದಾಟಿಲ್ಲ. ಇದೂ ದಾಟಲ್ಲ" ಎಂದರು.

ಮಾವ ಹೇಳಿದ ತರಹ ಮಾಡಿದರೆ ಗಾರ್ಡ್ ಗುರುತು ಹಿಡಿಯುತ್ತಾರೆ ಎಂದೆ. ಮಾವನಿಗೆ ಕೇಳಿಸಲಿಲ್ಲ. ಹಳೆ ಪೊರಕೆಯಿಂದ ಕಡ್ಡಿ ಕೀಳುತ್ತಿದ್ದರು.

ಸೆಪ್ಟೆಂಬರ್ ೧೪, ಭಾನುವಾರ

ವಾರ ಪೂರ್ತಿ ಕ್ಲಾಸ್ ಮುಗಿದ ತಕ್ಷಣ ಮಾವನ ಮನೆ. ಡೈರಿಗೆ ಟೈಮ್ ಸಿಕ್ಕಿಲ್ಲ. ಬೆರಳೆಲ್ಲ ಕಂದು. ಮೆಸ್‌ನಲ್ಲಿ ನನ್ನ ಕೈ ನೋಡಿ ಒಬ್ಬಳು ತಟ್ಟೆ ದೂರ ಸರಿಸಿಕೊಂಡಳು. ಬೇಜಾರಾಗಲಿಲ್ಲ. ಆಗಲಿಲ್ಲ ಎಂದು ಆಶ್ಚರ್ಯವಾಯಿತು.

ಇವತ್ತು ಕೊನೆಯ ಕೆಲಸ. ಬ್ರಷ್ ಗೆರೆ. ನಾನು ಹತ್ತಿಕಡ್ಡಿ ಒದ್ದೆ ಮಾಡಿಕೊಂಡು ಕೂತೆ.

"ಏಳು. ಕೂತುಕೊಂಡು ರೈಲು ತೊಳೆದೋರು ಯಾರಿದಾರೆ?" ಎಂದರು ಮಾವ. ಬೋಗಿಯನ್ನು ಫ್ರಿಜ್ ಮೇಲೆ ಇಟ್ಟರು. ಪ್ಯಾಂಟು ಮಡಚಿಕೊಂಡರು. ಕಾಲು ಅಗಲಿಸಿ ನಿಂತರು. ಬೆಂಕಿಕಡ್ಡಿಗೆ ಪೊರಕೆಯ ನಾರು ಕಟ್ಟಿದ ಬ್ರಷ್, ಎಡಗೈಯಲ್ಲಿ. ಉಸಿರು ಬಿಗಿಹಿಡಿದು ಒಂದೊಂದೇ ಬೀಸು. ಒಂದೊಂದೇ ಬಿಲ್ಲು. ಭುಜವೆಲ್ಲಾ ಬೀಸುತ್ತಿತ್ತು, ಕಡ್ಡಿ ಮಾತ್ರ ಅರ್ಧ ಬೆರಳು ಸರಿಯುತ್ತಿತ್ತು.

ಅತ್ತೆ ಹಾಲಿಗೆಂದು ಫ್ರಿಜ್ ತೆರೆಯಲು ಬಂದರು. ನೋಡಿ, ಸುಮ್ಮನೆ ವಾಪಸ್ ಹೋದರು.

ಕೊನೆಗೆ ಮಾವ ಎರಡು ಹೆಜ್ಜೆ ಹಿಂದೆ ಸರಿದು, "ಹೂಂ, ಹೊರಡಲಿ" ಎಂದರು.

ಕಣ್ಣು ಕಿರಿದು ಮಾಡಿ ನೋಡಿದೆ. ಗೇಣುದ್ದದ ಬೋಗಿ ಅನ್ನಿಸಲಿಲ್ಲ. ಹತ್ತಿ ಕೂರಬೇಕು ಅನ್ನಿಸಿತು.

ಸೆಪ್ಟೆಂಬರ್ ೧೯, ಶುಕ್ರವಾರ. ಸಂಜೆ ೬

ಗಾರ್ಡ್ ಬಂದರು. ನಾನು ವಾಪಸ್ ಇಟ್ಟಿದ್ದ ಬೋಗಿಯನ್ನು ಶೆಲ್ಫ್‌ನಿಂದ ಇಳಿಸಿದರು. ತಿರುಗಿಸಿದರು. ಮೂಸಿದರು ಕೂಡ.

"ಯಾರಾದ್ರೂ ಮುಟ್ಟಿದ್ರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿದೆ. "ಧೂಳು... ಒರೆಸಿದೆ ಸರ್."

ತುಂಬಾ ಹೊತ್ತು ನೋಡಿದರು. ಮುಖ ಅರಳಿತು. "ನೋಡು, ಮೂರು ವಾರ ಮುಟ್ಟದೆ ಬಿಟ್ರೆ ಪೌಡರ್ ತಾನಾಗಿ ಸೆಟ್ ಆಗುತ್ತೆ. ನಾನು ಹೇಳಿರಲಿಲ್ವಾ? ಇದೆಲ್ಲಾ ಎಕ್ಸ್‌ಪೀರಿಯನ್ಸ್."

ಬಚಾವಾದೆ. ಆದರೆ ಹೊಟ್ಟೆ ಉರಿಯುತ್ತಿದೆ. ಯಾಕೆ?

೭.೧೫

ಮಾವನ ಫೋನ್. "ನಾಳೆ ಎಷ್ಟು ಗಂಟೆಗೆ? ಶರ್ಟ್ ಇಸ್ತ್ರಿ ಮಾಡಿಸಿದೀನಿ."

ಗಾರ್ಡ್ ಎದುರು ಮಾವ ಬಂದು ನಿಂತರೆ... ಬೋಗಿಯ ಸುಳ್ಳು, ಟೆಕ್ನಿಕಲ್ ಸೈಡಿನ ಸುಳ್ಳು, ಎರಡೂ ಒಂದೇ ಹಳಿ ಮೇಲೆ. "ಬಸ್ ರಶ್ ಇರುತ್ತೆ ಮಾವ, ಯಾಕೆ ತೊಂದರೆ, ಫೋಟೋ ಕಳಿಸ್ತೀನಿ" ಎಂದೆ.

"ಆಯ್ತು ಬಿಡು ಪುಟ್ಟಿ. ಅದೂ ಸರಿಯೇ" ಎಂದರು.

ಊಟ ಸೇರಲಿಲ್ಲ.

ಸೆಪ್ಟೆಂಬರ್ ೨೦, ಶನಿವಾರ. ಸಂಜೆ

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನಾನೇ ನಂಬುವುದಿಲ್ಲ.

ಹನ್ನೊಂದಕ್ಕೆ ಜಡ್ಜ್ ಬಂದರು. ಮ್ಯೂಸಿಯಂನಲ್ಲಿ ಹಳೇ ಬೋಗಿಗಳನ್ನು ರಿಪೇರಿ ಮಾಡಿಸುವ ಮೇಡಂ. ಕೈಯಲ್ಲಿ ಭೂತಗನ್ನಡಿ. ಬೇರೆ ಟೇಬಲ್‌ಗಳಲ್ಲಿ ಎರಡೆರಡು ನಿಮಿಷ ನಿಂತವರು ನಮ್ಮ ಬೋಗಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಗಾರ್ಡ್ ನಾಲ್ಕು ತಿಂಗಳ ಕಥೆ ಶುರು ಮಾಡಿದರು. ಮೇಡಂ ಕೈ ಎತ್ತಿ ನಿಲ್ಲಿಸಿದರು.

"ನೀವು ಎಡಚರಾ?"

"ಇಲ್ಲ ಮೇಡಂ. ಯಾಕೆ?"

"ಈ ಗೆರೆ ನೋಡಿ. ಬ್ರಷ್ ಬೀಸಿರೋದು ಎಡಗೈಯಿಂದ. ಬಲಗೈಯವರು ತೊಳೆದ್ರೆ ಬಿಲ್ಲು ಆ ಕಡೆ ವಾಲುತ್ತೆ. ನಾನು ನೂರಾರು ಬೋಗಿ ನೋಡಿದೀನಿ, ಮಾಡೆಲ್‌ನಲ್ಲಿ ಇದನ್ನ ತೋರಿಸಿದೋರು ಯಾರೂ ಇಲ್ಲ. ಯಾರು ತೊಳೆದಿದ್ದು ಈ ರೈಲನ್ನ?"

ಗಾರ್ಡ್ ಗಾಬರಿಗೆ ಪೀಪಿ ಬಾಯಿಗಿಟ್ಟುಕೊಂಡರು. ಅಭ್ಯಾಸ.

ಆಗ ಕಂಡಿತು. ಗುಂಪಿನ ಹಿಂದೆ, ಕಂಬದ ಪಕ್ಕ, ಇಸ್ತ್ರಿ ಶರ್ಟು. ಪಕ್ಕದಲ್ಲಿ ಅತ್ತೆ. ಮಾವನ ಎಡಗೈ ಅರ್ಧ ಮೇಲೆದ್ದಿತ್ತು, ಸ್ಕೂಲ್ ಮಕ್ಕಳ ಹಾಗೆ. ನನ್ನನ್ನು ನೋಡಿದರು. ಕೈ ನಿಧಾನವಾಗಿ ಇಳಿದು ಪ್ಯಾಂಟಿನ ಜೇಬಿಗೆ ಹೋಯಿತು.

ಆ ಕೈ ಜೇಬಿಗೆ ಹೋಗಿದ್ದನ್ನು ನೋಡಿ ನನಗೆ ಏನಾಯಿತೋ.

"ಮೇಡಂ, ತೊಳೆದವರು ನಮ್ಮ ಮಾವ. ಅಲ್ಲಿದಾರೆ. ಮೂವತ್ತೊಂದು ವರ್ಷ ರೈಲು ತೊಳೆದಿದಾರೆ. ಟೆಕ್ನಿಕಲ್ ಸೈಡ್ ಅಲ್ಲ ಸರ್, ತೊಳೆಯೋ ಸೈಡ್." ಬಾಯಿ ನಿಲ್ಲಲಿಲ್ಲ. "ಅದಕ್ಕೂ ಮೊದಲು ತೊಳೆದವಳು ನಾನು. ಸೋಪು ಹಾಕಿ. ಸರ್ ಮಾಡಿದ ಕೊಳೆ ಒಂದು ಚೂರೂ ಉಳಿದಿಲ್ಲ. ಇದು ಬೇರೆ ಕೊಳೆ."

ಗಾರ್ಡ್ ಉಸಿರು ಬಿಟ್ಟರು. ಪೀಪಿ ಬಾಯಲ್ಲೇ ಇತ್ತು. ಪೀ... ಎಂದು ಸಣ್ಣದಾಗಿ.

ಹಾಲ್‌ನಲ್ಲಿ ಎಲ್ಲರೂ ತಿರುಗಿದರು.

ಮೇಡಂ ಎದ್ದು ಹೋಗಿ ಮಾವನನ್ನು ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಇಪ್ಪತ್ತು ನಿಮಿಷ ಇಬ್ಬರೂ ಬ್ರೇಕ್ ಪುಡಿಯ ಬಣ್ಣದ ಬಗ್ಗೆ ಮಾತಾಡಿದರು. ಮಾವ ಉಗುರು ತೋರಿಸಿದರು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು!

ಪ್ರೈಜ್ ಬರಲಿಲ್ಲ. ಫಾರ್ಮ್‌ನಲ್ಲಿ ಒಬ್ಬರ ಹೆಸರು, ಕೆಲಸ ಇನ್ನೊಬ್ಬರದ್ದು, ರೂಲ್ಸ್ ಒಪ್ಪಲ್ಲ ಅಂತೆ. ಕಪ್ ಒಂದು ಗೂಡ್ಸ್ ಗಾಡಿ ಮಾಡೆಲ್‌ಗೆ ಹೋಯಿತು.

"ಬರಬೇಡ ಅಂದಿದ್ಯಂತೆ" ಎಂದರು ಅತ್ತೆ, ಹೊರಡುವಾಗ. "ಇಸ್ತ್ರಿ ಶರ್ಟು ಹಾಕ್ಕೊಂಡು ಬೆಳಿಗ್ಗೆಯಿಂದ ಮಂಕಾಗಿ ಕೂತಿದ್ರು. ನಾನೇ ಎಳ್ಕೊಂಡು ಬಂದೆ."

ಸಾರಿ ಎಂದೆ. ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು. ಎಡಗೈ. "ತೊಳೆಯೋ ಸೈಡ್" ಎಂದು ತಮ್ಮಷ್ಟಕ್ಕೇ ನಕ್ಕರು.

ಗಾರ್ಡ್ ಬೋಗಿಯನ್ನು ಡಬ್ಬಿಗೆ ಹಾಕಿಕೊಂಡು ನನ್ನ ಕಡೆ ತಿರುಗದೆ ಹೊರಟುಹೋದರು.

ಸೆಪ್ಟೆಂಬರ್ ೨೨, ಸೋಮವಾರ

ಕ್ಲಬ್‌ಗೆ ರೆಸಿಗ್ನೇಷನ್ ಲೆಟರ್ ಬರೆದೆ. ಇಂಗ್ಲಿಷ್‌ನಲ್ಲಿ, ಮೂರು ಡ್ರಾಫ್ಟ್. ಬೀಗದ ಕೈ ಕವರ್‌ಗೆ ಹಾಕಿಕೊಂಡು ಹೋದೆ.

ಗಾರ್ಡ್ ಒಬ್ಬರೇ ಕೂತಿದ್ದರು. ಮುಂದೆ ನಮ್ಮ ಬೋಗಿ.

"ನಾಲ್ಕು ತಿಂಗಳು ಮಾಡಿದ್ದು. ಎಷ್ಟು ಹೊತ್ತಲ್ಲಿ ತೊಳೆದೆ?"

"ಏಳು ನಿಮಿಷ ಸರ್."

"ಯಾವ ಸೋಪು?"

"ಪಾತ್ರೆ ಸೋಪು. ನಿಂಬೆಹಣ್ಣಿನ ವಾಸನೆದು."

ಕಣ್ಣು ಮುಚ್ಚಿಕೊಂಡರು. ನೋವಾದ ಹಾಗೆ. ಆಮೇಲೆ ಬೋಗಿಯ ಬಾಗಿಲ ಹಿಡಿಯನ್ನೇ ನೋಡುತ್ತಾ, "ಮೂರು ವಾರ ಬಿಟ್ರೆ ಸೆಟ್ ಆಗುತ್ತೆ ಅಂತ ನಾನು ಅಂದಾಗ ನೀನು ನಗಲಿಲ್ಲ. ಥ್ಯಾಂಕ್ಸ್" ಎಂದರು.

ಕವರ್ ಕೊಡಲು ಕೈ ಮುಂದೆ ಮಾಡಿದೆ. ಅವರು ನೋಡಲೇ ಇಲ್ಲ. "ಭಾನುವಾರ ನಿಮ್ಮ ಮಾವ ಮನೇಲಿ ಇರ್ತಾರಾ?"

ಸೆಪ್ಟೆಂಬರ್ ೨೮, ಭಾನುವಾರ. ಬೆಳಿಗ್ಗೆ ೧೧

ಮಾವನ ಮನೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಗಾರ್ಡ್ ಹೊಸ ಬೋಗಿ ತಂದಿದ್ದಾರೆ, ಡಬ್ಬಿ ಇನ್ನೂ ಒಡೆದಿಲ್ಲ. ಮಾವ ಒಡೆಯಲು ಬಿಟ್ಟಿಲ್ಲ. ಮೊದಲು ತೊಳೆಯುವುದು ಕಲಿಯಬೇಕಂತೆ. ಗಾರ್ಡ್ ಪ್ಯಾಂಟು ಮಡಚಿಕೊಂಡು ಉದ್ದ ಬ್ರಷ್‌ನಲ್ಲಿ ಕಾಂಪೌಂಡ್ ಗೋಡೆ ಉಜ್ಜುತ್ತಿದ್ದಾರೆ. ಅತ್ತೆ ಕಿಟಕಿಯಿಂದ, "ಹಿಂದುಗಡೆ ಗೋಡೇನೂ ಕಲಿಸಿ" ಎನ್ನುತ್ತಿದ್ದಾರೆ.

"ಭುಜದಿಂದ ಬೀಸಪ್ಪಾ, ಮಣಿಕಟ್ಟಿಂದ ಅಲ್ಲ! ರೈಲು ಹೊರಡೋಕೆ ಹತ್ತು ನಿಮಿಷ ಇದೆ!"

ಗಾರ್ಡ್ ಏದುಸಿರು ಬಿಡುತ್ತಿದ್ದಾರೆ. ಪೀಪಿ ಮಾವನ ಕೊರಳಲ್ಲಿದೆ.

ಈಗ ನೆನಪಾಯಿತು. ಬೆಳಿಗ್ಗೆ ಹಾಸಿಗೆ ಮಡಚಲಿಲ್ಲ. ಬಕೆಟ್ಟೂ ಹಾಗೇ ಬಿಟ್ಟು ಬಂದೆ. ವಾಪಸ್ ಹೋಗಿ...

ಪೀಪಿ. "ಪುಟ್ಟೀ, ಏನು ಬರೀತಿದೀಯ? ಈ ಬಲಗೈಯವನು ಒಬ್ಬನೇ ಉಜ್ಜಿ ಸುಸ್ತಾದ. ಬಾ, ನಿಂಗೂ ಬ್ರಷ್ ಇದೆ!"

ಬಂದೆ ಮಾವ, ಒಂದೇ ನಿಮಿ