ಠರಾವಿನ ಶುದ್ಧಪ್ರತಿ

ನಾಶಿಕ, ೧೪ ಜುಲೈ ೧೯೮೬

ಮಾನ್ಯ ಬಿಂದುಮಾಧವರಾಯರಿಗೆ ಚಂದ್ರಾಮಪ್ಪನ ನಮಸ್ಕಾರಗಳು.

ನಿಮ್ಮ ಬಾಡಿಗೆ ಮನೆಯ ಕೀಲಿಕೈಯನ್ನು ನಮ್ಮ ಬ್ಯಾಂಕಿನ ಸಿಪಾಯಿಯ ಕೈಯಲ್ಲಿ ಕಳಿಸಿದ್ದೇನೆ. ಹಾಲು ಉಕ್ಕಿಸಿದ ದಿನ ನಾವು ಗೋಡೆಗೆ ಬಾಬಾಸಾಹೇಬರ ಫೋಟೊ ಹಾಕಿದ್ದನ್ನು ನೀವು ನೋಡಿದಿರಿ. ಸಂಜೆಗೆ ಬಂದು, "ನಮ್ಮ ಅಣ್ಣನ ಮಗ ವರ್ಗಾ ಆಗಿ ಬರ್ತಾನ, ಮನಿ ಬೇಕಾಗ್ಯದ" ಅಂದಿರಿ. ಆ ರಾತ್ರಿಯೇ ನಾವು ಪರಿಚಯದವರೊಬ್ಬರ ಮನೆಗೆ ಹೋದೆವು. ಮರುದಿನ ಸಾಮಾನು ಒಯ್ಯಲು ಬಂದಾಗ ನಿಮ್ಮ ಮನೆಯವರು ರಾಧಾಬಾಯಿ ಅಡಿಗೆಮನೆಯಲ್ಲಿ ಗೋಮೂತ್ರ ಸಿಂಪಡಿಸುತ್ತಿದ್ದರು. ಅದನ್ನು ಕಂಡ ನನ್ನ ಹೆಂಡತಿ ಹಾಲಿನ ಪಾತ್ರೆಯನ್ನು ಅಲ್ಲೇ ಬಿಟ್ಟು ಹೊರಬಂದಳು. ಅದು ಅವಳ ತವರಿನದು, ಇದೇ ಸಿಪಾಯಿಯ ಕೈಗೆ ಕೊಟ್ಟು ಕಳಿಸಿರಿ.

ಕನ್ನಡ ಸಂಘದ ಅಧ್ಯಕ್ಷರಾಗಿ ನೀವು ಬರೆದ, ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ಖಂಡಿಸುವ ಠರಾವನ್ನು, ನನ್ನ ಅಕ್ಷರ ಚೆಂದ ಎಂದು, ಶುದ್ಧಪ್ರತಿ ಮಾಡಲು ನನಗೇ ಕೊಟ್ಟಿದ್ದಿರಿ. ದಿಲ್ಲಿಗೆ ಹೋಗಬೇಕಾದದ್ದು, ಆದ್ದರಿಂದ ಮುಗಿಸಿ ಇದರ ಜೊತೆ ಇಟ್ಟಿದ್ದೇನೆ. "ಕರಿಯರನ್ನು ಬೇರೆ ಓಣಿಗಳಲ್ಲಿ ಇರಿಸುವ ಸರ್ಕಾರದೊಡನೆ ಭಾರತವು ಯಾವ ಸಂಬಂಧವನ್ನೂ ಇಟ್ಟುಕೊಳ್ಳದಿರುವುದು ನಮಗೆ ಹೆಮ್ಮೆಯ ಸಂಗತಿ" ಎಂಬ ನಿಮ್ಮ ವಾಕ್ಯದಲ್ಲಿ ಒಂದಕ್ಷರವನ್ನೂ ಬದಲಿಸಿಲ್ಲ. ಕೆಳಗೆ ನಿಮ್ಮ ಸಹಿಗೆ ಜಾಗ ಬಿಟ್ಟಿದ್ದೇನೆ.

ಕಾಗದವನ್ನು ನಾನು ಮುಟ್ಟಿದ್ದೇನೆ. ಸಹಿ ಮಾಡುವ ಮೊದಲು ರಾಧಾಬಾಯಿಯವರನ್ನು ಒಮ್ಮೆ ಕೇಳಿರಿ.

ಇಂತು,
ಚಂದ್ರಾಮಪ್ಪ